ಎಬಿಎಸ್ ದೀಪ ಆರದಿದ್ದರೆ ಇಡೀ ಯೂನಿಟ್ಟೇ ಯಾಕೆ ಬದಲಿಸಬೇಕು?

ಹಳೇ ಬೈಕಿನ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಆರುತ್ತಿಲ್ಲ ಎಂದರೆ ಸಾಕು, ಗ್ಯಾರೇಜುಗಳಲ್ಲಿ ಒಂದೇ ಮಾತು: 'ಮಾಡ್ಯುಲೇಟರ್ ಹೋಗಿದೆ, ಹೊಸದು ಹಾಕಿಸಿ.' ಬ್ರೇಕಿನ ಒತ್ತಡ ನಿಯಂತ್ರಿಸುವ ಎಬಿಎಸ್ ಯೂನಿಟ್ಟೇ ಈ ಮಾಡ್ಯುಲೇಟರ್. ವೋಲ್ಟ್ ಮೀಟರ್ ಹಿಡಿದು ನೋಡುವಷ್ಟು ತಾಳ್ಮೆಯೂ ಬೇಡವೇ? ನಿಂತ ಗಾಡಿಯಲ್ಲಿ ಆ ದೀಪ ಉರಿಯುವುದು ಸಹಜ. ಸ್ವಲ್ಪ ದೂರ ಓಡಿಸಿದ ಮೇಲೂ ಆರದಿದ್ದರೆ ಮಾತ್ರ ದೋಷ. ಆಗಲೂ ಮೊದಲು ನೋಡಬೇಕಾದ್ದು ಬ್ಯಾಟರಿ. ಗಾಡಿ ಆಫ್ ಇದ್ದಾಗ 12.4 ವೋಲ್ಟಿಗಿಂತ ಕಡಿಮೆಯಿದ್ದರೆ ಚಾರ್ಜ್ ಮಾಡಿ. ಆಮೇಲೆ ಫ್ಯೂಸ್, ವೈರು ಜೋಡಿಸುವ ಕಪ್ಲರಿನಲ್ಲಿ ಹಸಿರುಗಟ್ಟಿದ ಪಿನ್ನು, ಚಕ್ರದ ವೇಗ ಓದುವ ಸೆನ್ಸರ್ ತುದಿಗೆ ಮೆತ್ತಿದ ಕಬ್ಬಿಣದ ಪುಡಿ. ಟೈರ್ ಬಿಚ್ಚುವ ಲಿವರ್ ತಾಗಿ ಟೋನ್ ರಿಂಗ್ (ಚಕ್ರದ ಜೊತೆ ತಿರುಗುವ, ಸೆನ್ಸರ್ ಓದುವ ಉಂಗುರ) ಬಗ್ಗಿದ್ದರೂ ಇದೇ ದೀಪ ಉರಿಯುತ್ತದೆ, ಅದರಲ್ಲಿ ಮಾಡ್ಯುಲೇಟರಿನ ತಪ್ಪೇನೂ ಇಲ್ಲ.

ಯೂನಿಟ್ ನಿಜವಾಗಿ ಕೆಡುವುದಕ್ಕೆ ದೊಡ್ಡ ಕಾರಣ ಹಳೇ ಬ್ರೇಕ್ ಆಯಿಲ್. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ; ಒಳಗಿನ ಸಣ್ಣ ವಾಲ್ವುಗಳು, ಪಂಪು ತುಕ್ಕು ಹಿಡಿದು ಅಂಟಿಕೊಳ್ಳುತ್ತವೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿದ್ದರೆ ಈ ಖರ್ಚು ಬರುತ್ತಿರಲಿಲ್ಲ, ಆದರೆ ಸರ್ವಿಸಿಗೆ ಬಿಟ್ಟಾಗ ಅದನ್ನು ಯಾರೂ ಹೇಳುವುದಿಲ್ಲ. ಹೊಸ ಯೂನಿಟ್ ಕೂರಿಸಿದವರೂ ಬರೀ ಬ್ರೇಕ್ ಲಿವರ್ ಒತ್ತಿ ಬ್ಲೀಡ್ ಮಾಡಿ (ಆಯಿಲಿನಲ್ಲಿ ಸೇರಿದ ಗಾಳಿ ಹೊರಹಾಕಿ) ಕಳಿಸುತ್ತಾರೆ. ಗಾಡಿಯ ಎಲೆಕ್ಟ್ರಾನಿಕ್ಸ್‌ಗೆ ಜೋಡಿಸುವ ಸ್ಕ್ಯಾನರ್ ಹಾಕಿ ಯೂನಿಟ್ಟಿನ ಪಂಪು ಓಡಿಸದಿದ್ದರೆ ಒಳಗೆ ಗಾಳಿ ಉಳಿದು ಲಿವರ್ ಮೆತ್ತಗಾಗಬಹುದು. ಬ್ರೇಕಿನ ವಿಷಯದಲ್ಲಿ ಇಂಥ ಅರೆಬರೆ ಕೆಲಸ ಯಾಕೆ?