ತಾಮ್ರದ ಪಕ್ಷ, ಗಾಜಿನ ಪಕ್ಷ

ತಂತಿಗೆ ರಾಜಕೀಯವಿಲ್ಲವೆಂದು ನಂಬಿದವರು ಆಸ್ಟ್ರೇಲಿಯಾದ ರಾಷ್ಟ್ರೀಯ ಬ್ರಾಡ್‌ಬ್ಯಾಂಡ್ ಜಾಲದ ಚರಿತ್ರೆಯನ್ನು ಒಮ್ಮೆ ನೋಡಬೇಕು. ಲೇಬರ್ ಪಕ್ಷದ ಪ್ರಧಾನಿ ಕೆವಿನ್ ರಡ್ 2009ರಲ್ಲಿ, 4,300 ಕೋಟಿ ಡಾಲರ್ ವೆಚ್ಚದಲ್ಲಿ ಎಂಟು ವರ್ಷಗಳೊಳಗೆ ನೂರಕ್ಕೆ ತೊಂಬತ್ತು ಮನೆಗಳ ಬಾಗಿಲಿಗೆ ಫೈಬರ್, ಅಂದರೆ ಬೆಳಕಿನ ಮೂಲಕ ಮಾಹಿತಿ ಸಾಗಿಸುವ ಗಾಜಿನ ಎಳೆ, ತರುವುದಾಗಿ ಘೋಷಿಸಿದ ದಿನವೇ ಗಾಜಿನ ಎಳೆಗೆ ಲೇಬರ್ ಪಕ್ಷದ ಸದಸ್ಯತ್ವ ಸಿಕ್ಕಿತು. ವಿರೋಧ ಪಕ್ಷಕ್ಕೆ ಉಳಿದದ್ದು ತಾಮ್ರ.

ಲೇಬರ್ ಸರ್ಕಾರದ ಕಾಮಗಾರಿಯೇನೂ ಓಡುತ್ತಿರಲಿಲ್ಲ. ಆದರೆ 2013ರಲ್ಲಿ ಅಧಿಕಾರಕ್ಕೆ ಬಂದ ಲಿಬರಲ್–ನ್ಯಾಷನಲ್ ಮೈತ್ರಿಕೂಟದ ಪರಿಹಾರ ಇನ್ನೂ ಸೊಗಸಾಗಿತ್ತು: ಫೈಬರನ್ನು ಬೀದಿಯ ಪೆಟ್ಟಿಗೆಯವರೆಗೆ ಮಾತ್ರ ಎಳೆದು, ಅಲ್ಲಿಂದ ಮನೆಯವರೆಗೆ ಹಳೆಯ ತಾಮ್ರದ ದೂರವಾಣಿ ತಂತಿಯನ್ನೇ ನೆಚ್ಚಿಕೊಂಡು, ಎಲ್ಲವನ್ನೂ 2,950 ಕೋಟಿಯಲ್ಲಿ ಮುಗಿಸುವುದು. ಸಾಮಾನ್ಯ ಕುಟುಂಬಕ್ಕೆ 25 ಮೆಗಾಬಿಟ್ ವೇಗ ಧಾರಾಳವಾಯಿತು ಎಂದು ಮೈತ್ರಿಕೂಟದ ನಾಯಕ ಟೋನಿ ಅಬಾಟ್ ಚುನಾವಣೆಗೆ ಮೊದಲೇ ತೀರ್ಪು ಕೊಟ್ಟಿದ್ದರು.

ಈ ತಾಮ್ರದ ವಂಶಾವಳಿಯೂ ರಂಜನೀಯವಾಗಿದೆ. ಜನರ ದುಡ್ಡಿನಲ್ಲಿ ಹಾಸಿದ ತಂತಿಯನ್ನು ಇದೇ ಮೈತ್ರಿಕೂಟ 1997ರಿಂದ ಸರ್ಕಾರಿ ದೂರವಾಣಿ ಕಂಪನಿಯಾಗಿದ್ದ ಟೆಲ್‌ಸ್ಟ್ರಾದ ಜೊತೆಗೆ ಕಂತುಕಂತಾಗಿ ಮಾರಿತ್ತು. 2011ರಲ್ಲಿ ಲೇಬರ್ ಸರ್ಕಾರ ಅದನ್ನು ಬಳಕೆಯಿಂದ ತೆಗೆಯುವುದಕ್ಕೆಂದು ಟೆಲ್‌ಸ್ಟ್ರಾಕ್ಕೆ ಸುಮಾರು 1,100 ಕೋಟಿ ಡಾಲರ್ ಒಪ್ಪಿಕೊಂಡಿತು. 2014ರಲ್ಲಿ ಆ ಒಪ್ಪಂದವನ್ನೇ ತಿದ್ದಿ, ಹೆಚ್ಚುಕಡಿಮೆ ಅಷ್ಟೇ ಹಣಕ್ಕೆ ಅದೇ ತಂತಿಯನ್ನು ಬಳಸಲೆಂದು ಪಡೆಯಲಾಯಿತು. ಕೊಳೆತರೂ ಉಳಿದರೂ ಒಂದೇ ಬೆಲೆ ಬಾಳುವ ಲೋಹವನ್ನು ಹೊಂದಿದ್ದ ಟೆಲ್‌ಸ್ಟ್ರಾದ ಷೇರುದಾರರು ಭಾಗ್ಯವಂತರು.

ಅಷ್ಟೂ ಸಾಲದೆ, ಜಾಲವನ್ನು ಕಟ್ಟುವ ಸರ್ಕಾರಿ ಕಂಪನಿಯು 1.4 ಕೋಟಿ ಡಾಲರ್ ತೆತ್ತು 1,800 ಕಿಲೋಮೀಟರ್ ಉದ್ದದ ಹೊಚ್ಚಹೊಸ ತಾಮ್ರದ ತಂತಿಯನ್ನು ಖರೀದಿಸಿದ ಸಂಗತಿ 2015ರಲ್ಲಿ ಸೆನೆಟ್ ಸಮಿತಿಯ ಮುಂದೆ ಹೊರಬಿತ್ತು. ಹಳೆಯ ಪಂಚೆಗೆ ತೇಪೆ ಹಾಕಲು ಹೊಸ ಪಂಚೆಯನ್ನು ಕತ್ತರಿಸಿದವರನ್ನು ನಾವು ಕಂಡಿದ್ದೇವೆ. ಹಳೆಯ ಪಂಚೆಯ ಮಾನ ಉಳಿಸಲೆಂದು ಮಗ್ಗ ಹೂಡಿ ಹೊಸದಾಗಿ ಹಳೆಯ ಪಂಚೆಯನ್ನೇ ನೇಯಿಸಿದವರು ಬಹುಶಃ ಇವರೊಬ್ಬರೇ. ಆ ಹೊತ್ತಿಗೆ ಮೈತ್ರಿಕೂಟದ ಮಾಲ್ಕಮ್ ಟರ್ನ್‌ಬುಲ್ ಸಂಪರ್ಕ ಸಚಿವ ಸ್ಥಾನದಿಂದ ಪ್ರಧಾನಿ ಪಟ್ಟಕ್ಕೆ ಏರಿದ್ದರು. ತಂತಿಯ ವೇಗ ಏನೇ ಇರಲಿ, ಬಡ್ತಿಯ ವೇಗಕ್ಕೆ ಕುಂದಿರಲಿಲ್ಲ.

ಅಗ್ಗದ ಯೋಜನೆಯ ಲೆಕ್ಕ ಮುಂದೆ 5,000 ಕೋಟಿಯನ್ನು ದಾಟಿತು. 2020ರ ಸೆಪ್ಟೆಂಬರಿನಲ್ಲಿ ಅದೇ ಮೈತ್ರಿಕೂಟಕ್ಕೆ ಜ್ಞಾನೋದಯವಾಗಿ, ಜನರಿಗೆ ಈಗ ವೇಗ ಬೇಕಾಗಿದೆಯೆಂಬ ಸಮರ್ಥನೆಯೊಡನೆ, ಲಕ್ಷಾಂತರ ಮನೆಗಳಿಗೆ ಫೈಬರ್ ಒದಗಿಸುವುದೂ ಸೇರಿದಂತೆ ಜಾಲದ ಸುಧಾರಣೆಗೆ 350 ಕೋಟಿ ಡಾಲರ್ ಪ್ರಕಟವಾಯಿತು. ಜಾಲ ಕಟ್ಟಿ ಮುಗಿದಿದೆಯೆಂಬ ಅಧಿಕೃತ ಘೋಷಣೆ ಹೊರಬಿದ್ದದ್ದು ಆ ಬಳಿಕ, ಡಿಸೆಂಬರಿನಲ್ಲಿ. ಹೀಗೆ ಮುಗಿದುಹೋದ ಜಾಲದಲ್ಲಿ ಇನ್ನೂ ತಾಮ್ರಕ್ಕೆ ಜೋತುಬಿದ್ದಿದ್ದ ಸುಮಾರು 6.22 ಲಕ್ಷ ಮನೆ, ಅಂಗಡಿಗಳಿಗಾಗಿ, ಮತ್ತೆ ಅಧಿಕಾರಕ್ಕೆ ಬಂದಿದ್ದ ಲೇಬರ್ ಸರ್ಕಾರ 2025ರ ಜನವರಿಯಲ್ಲಿ ಇನ್ನೂ 300 ಕೋಟಿ ಡಾಲರ್‌ವರೆಗಿನ ನೆರವನ್ನು ಘೋಷಿಸಿ, 2030ರ ಗಡುವನ್ನು ಇಟ್ಟುಕೊಂಡಿದೆ.