ಬಿಟ್ಟಿ ಬಸ್ಸು ಕೇಳುವವರಿಗೆ ಕಾರಿನವರ ಉತ್ತರ

ಕಾಲ ಕೆಟ್ಟಿತು ನೋಡಿ. ಓದಿಕೊಂಡು ಇರಬೇಕಾದ ಕಾಲೇಜು ಹುಡುಗರು ಜಯದೇವ ಸರ್ಕಲ್ಲಿನಲ್ಲಿ ರಟ್ಟಿನ ಬೋರ್ಡು ಹಿಡಿದು ನಿಂತಿದ್ದಾರೆ. ದಾವಣಗೆರೆಯಲ್ಲಿ ಸಿಟಿ ಬಸ್ಸು ಎಲ್ಲರಿಗೂ ಫ್ರೀ ಆಗಬೇಕಂತೆ. ಹೆಂಗಸರಿಗೆ ಮಾತ್ರ ಅಲ್ಲ, ಎಲ್ಲರಿಗೂ!

ಇಂಥ ಹೊತ್ತಲ್ಲಿ ನಾವು ಕಾರಿನವರು ಸುಮ್ಮನೆ ಕೂರುವುದು ತರವಲ್ಲ. ಈ ಊರಲ್ಲಿ ಸ್ವಾಭಿಮಾನ ಅಂತ ಏನಾದರೂ ಉಳಿದಿದ್ದರೆ ಅದು ನಮ್ಮ ಹತ್ತಿರವೇ. ನನ್ನದನ್ನೇ ನೋಡಿ. ಮಂಡಿಪೇಟೆಯಲ್ಲಿ ನನ್ನ ಕಾರು ಬೆಳಗ್ಗೆಯಿಂದ ರಾತ್ರಿ ಅಂಗಡಿ ಮುಚ್ಚುವವರೆಗೂ ರಸ್ತೆ ಮೇಲೆ ಮಲಗಿರುತ್ತದೆ. ಹಿಂದೆಮುಂದೆ ಬಿಡುವ ಜಾಗ ಸೇರಿಸಿದರೆ ನೂರು ಚದರಡಿಗೂ ಮೇಲೆ. ಅಲ್ಲಿ ಅಷ್ಟಗಲದ ಮಳಿಗೆ ಹಿಡಿಯಲು ಹೋದರೆ ಅಡ್ವಾನ್ಸ್ ಕೇಳಿಯೇ ಎದೆ ಹಿಡಿದುಕೊಳ್ಳಬೇಕು. ಅದರ ಕಾಲುಭಾಗದಲ್ಲಿ ತಳ್ಳುಗಾಡಿ ನಿಲ್ಲಿಸಿ ಒಬ್ಬ ಮಿರ್ಚಿ ಕರಿದರೆ ಒತ್ತುವರಿ, ಎತ್ತಂಗಡಿ ಮಾಡಿಸುತ್ತಾರೆ. ನನ್ನ ಕಾರು ನಿಂತರೆ ಪ್ರಗತಿ. ಬಾಡಿಗೆ ಕೊಟ್ಟಿದ್ದು ಸೊನ್ನೆ. ಇದನ್ನು ಇದುವರೆಗೆ ಯಾರೂ ಬಿಟ್ಟಿ ಅಂದಿಲ್ಲ. ಅನ್ನಲೂಬಾರದು. ರೋಡ್ ಟ್ಯಾಕ್ಸ್ ಕಟ್ಟಿದ್ದೇನೆ ಸ್ವಾಮಿ! (ಬಸ್ಸಿನವರೂ ಕಟ್ಟುತ್ತಾರೆ. ಆ ವಿಷಯ ಈಗ ಬೇಡ.)

ಮೊನ್ನೆ ಫುಟ್‌ಪಾತ್ ಮೇಲೆ ಎರಡು ಗಾಲಿ ಹತ್ತಿಸಿ ಇಳಿಯುತ್ತಾ ಒಬ್ಬ ಹುಡುಗನಿಗೆ ಬುದ್ಧಿ ಹೇಳಿದೆ: "ಕಾಯಕವೇ ಕೈಲಾಸ ಅಂದ ಶರಣರ ನಾಡಪ್ಪ ಇದು. ದುಡಿದು ಓಡಾಡೋದು ಕಲಿ." ಅವನು ಏನಂದ ಗೊತ್ತೇ? "ಹೌದ್ರಿ ಅಂಕಲ್. ಸ್ವಲ್ಪ ಸರೀರಿ, ನಡಕೊಂಡು ಹೋಗಾಕೂ ಜಾಗ ಇಲ್ಲ." ಇದು ಇವರ ಸಂಸ್ಕಾರ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗಲೇ ನಾನು ಹೇಳಿದ್ದೆ, ಇದು ಇಲ್ಲಿಗೆ ನಿಲ್ಲುವುದಿಲ್ಲ ಅಂತ. ಪುಣ್ಯಕ್ಕೆ ನಮ್ಮದು ಖಾಸಗಿ ಬಸ್ಸುಗಳ ಸೀಮೆ. ಸರ್ಕಾರಿ ಬಸ್ಸು ಬಂದರೆ ಹೆಣ್ಣುಮಕ್ಕಳಿಗೆ ಶೂನ್ಯ ಟಿಕೆಟ್, ಖಾಸಗಿ ಬಸ್ಸು ಬಂದರೆ ಚಿಲ್ಲರೆ ತೆಗಿ. ಶಕ್ತಿ ಸಿಕ್ಕಿದ್ದು ಟಿಕೆಟ್ಟಿಗೆ, ಬಸ್ಸಿಗಲ್ಲ. ಆಮೇಲೆ 2025ರ ಜನವರಿಯಲ್ಲಿ ಸರ್ಕಾರಿ ಬಸ್ ದರ ಶೇ 15ರಷ್ಟು ಏರಿತು. ಒಂದೇ ಮನೆಯಲ್ಲಿ ಅಕ್ಕನಿಗೆ ಸೊನ್ನೆ, ತಮ್ಮನಿಗೆ ಹದಿನೈದು ಪರ್ಸೆಂಟ್ ಜಾಸ್ತಿ. ಇದಕ್ಕಿಂತ ಸಮತೋಲನ ಇನ್ನೇನು ಬೇಕು?

ಹುಡುಗರು ಮೊಬೈಲ್ ತೆಗೆದು ಲಕ್ಸೆಂಬರ್ಗ್ ತೋರಿಸುತ್ತಾರೆ. 2020ರಿಂದ ಆ ಇಡೀ ದೇಶದಲ್ಲಿ ಬಸ್ಸು, ಟ್ರ್ಯಾಮು, ರೈಲು ಎಲ್ಲವೂ ಉಚಿತವಂತೆ. ರೈಲಿನ ಫಸ್ಟ್ ಕ್ಲಾಸಿಗೆ ಮಾತ್ರ ದುಡ್ಡಂತೆ. ಎಸ್ಟೋನಿಯಾದ ತಾಲಿನ್ ಊರಲ್ಲಿ ಜನರನ್ನೇ ವೋಟು ಹಾಕಿಸಿ ಕೇಳಿ, 2013ರಿಂದ ಊರವರಿಗೆ ಫ್ರೀ ಬಿಟ್ಟರಂತೆ. ಇರಲಿ. ಅಲ್ಲಿ ಬೆಣ್ಣೆದೋಸೆ ಸಿಗುತ್ತದೆಯೇ? ಹಾಗಾದರೆ ಹೋಲಿಕೆ ಎಲ್ಲಿಂದ ಬಂತು?

ನಿಜ ಹೇಳಬೇಕೆಂದರೆ ಅಧಿಕಾರಿಗಳು ಈ ಬೇಡಿಕೆಗೆ ಇವತ್ತೇ ಸಹಿ ಹಾಕಬಹುದು. ಬಾರದ ಬಸ್ಸಿನ ಟಿಕೆಟ್ ಮಾಫಿ ಮಾಡಿದರೆ ಖಜಾನೆಗೆ ನಷ್ಟವೇನು? ಇಷ್ಟು ಅಗ್ಗದ ಗ್ಯಾರಂಟಿ ಯಾವ ಸರ್ಕಾರಕ್ಕೂ ಸಿಗಲಿಕ್ಕಿಲ್ಲ. ಆದರೆ ಈ ಹುಡುಗರು ಕಿಲಾಡಿಗಳು. ಮನವಿಯ ಎರಡನೇ ಸಾಲಿನಲ್ಲಿ "ಹತ್ತು ನಿಮಿಷಕ್ಕೊಂದು ಬಸ್ಸು" ಅಂತ ಸೇರಿಸಿಬಿಟ್ಟಿದ್ದಾರೆ. ಅಪಾಯ ಇರುವುದೇ ಅಲ್ಲಿ. ಫ್ರೀ ಕೊಡಬಹುದು, ಬಸ್ಸು ಎಲ್ಲಿಂದ ತರುವುದು?

ಸ್ಮಾರ್ಟ್ ಸಿಟಿಯ ಮೊದಲ ಪಟ್ಟಿಯಲ್ಲಿ, ದೇಶದ 20 ಊರುಗಳ ಸಾಲಿನಲ್ಲಿ, 2016ರಲ್ಲೇ ನಮ್ಮ ಹೆಸರಿತ್ತು. ಬಸ್ ಶೆಲ್ಟರಿನ ಉಪಯೋಗ ಏನೂ ಕಮ್ಮಿಯಾಗಿಲ್ಲ. ಮುಖಂಡರ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಲು ಅದರ ಕಂಬಗಳಷ್ಟು ಗಟ್ಟಿ ಬೇರೆ ಇಲ್ಲ. ಮಳೆ ಬಂದರೆ ಬೈಕಿನವರು ನಿಲ್ಲುತ್ತಾರೆ. ಅಲ್ಲಿ ಬಸ್ಸೇ ಬಂದು ನಿಲ್ಲಬೇಕು ಅನ್ನುವುದು ದುರಾಸೆ.

ಹಾಗಾಗಿ ಬರುವ ಸೋಮವಾರ ನಾವೂ ಕಾರಿನವರೆಲ್ಲ ಸೇರಿ ಒಂದು ಪ್ರತಿಮನವಿ ಕೊಡುವುದೆಂದು ತೀರ್ಮಾನವಾಗಿದೆ. ಊರಿನ ಮರ್ಯಾದೆ ಉಳಿಸಬೇಕೆನ್ನುವವರು ತಪ್ಪದೆ ಬನ್ನಿ. ಸರ್ಕಲ್ ಸುತ್ತ ಪಾರ್ಕಿಂಗಿಗೆ ಜಾಗವಿಲ್ಲ ಎಂಬ ಚಿಂತೆ ಬೇಡ. ಬಸ್ ಸ್ಟಾಪಿನ ಮುಂದೆ ಯಾವಾಗಲೂ ಖಾಲಿ ಇರುತ್ತದೆ.