ಕಾಲು ಅಂಕ ಕಡಿಮೆ ಬಿದ್ದ ಪ್ರತಿಭೆ

ಜೂನ್ ಬಂತೆಂದರೆ ಕೊಪ್ಪಳದಲ್ಲಿ ಮಳೆ ಬರುತ್ತದೋ ಇಲ್ಲವೋ, ಪ್ರತಿಭಾ ಪುರಸ್ಕಾರ ಬಂದೇ ಬರುತ್ತದೆ. ಸಮಾಜಕ್ಕೊಂದು ಸಂಘ, ಸಂಘಕ್ಕೊಂದು ಫ್ಲೆಕ್ಸು. ಈ ಸಲ ನಮ್ಮ ಓಣಿಯ ತಿರುವಿನಲ್ಲಿ ಎದ್ದ ಫ್ಲೆಕ್ಸಿನಲ್ಲಿ ದಾನಿಗಳ ಮುಖ ಬಾಗಿಲಿನಷ್ಟಿತ್ತು, ಮಕ್ಕಳ ಮುಖ ಅಂಚೆಚೀಟಿಯಷ್ಟು. ಮೇಲೆ ದಪ್ಪ ಅಕ್ಷರದಲ್ಲಿ ‘ಪ್ರತಿಬಾ ಪುರಸ್ಕಾರ’. ಮಹಾಪ್ರಾಣ ಹಾರಿಹೋಗಿತ್ತು.

ನಗಬೇಡಿ. ‘ಭಾ’ ಎಂದರೆ ಹೊಳೆಯುವುದು. ‘ಥಟ್ಟಂತ ಹೊಳೀತು ನೋಡು’ ಅಂತೀವಲ್ಲ, ಆ ಹೊಳೆದದ್ದೇ ಪ್ರತಿಭೆ. ಫ್ಲೆಕ್ಸಿನವನು ‘ಭಾ’ ತೆಗೆದು ‘ಬಾ’ ಇಟ್ಟ. ಹೊಳಪು ಹೋಗಿ ಕರೆ ಉಳಿಯಿತು. ಬಾ, ಶಾಲು ಹಾಕಿಸಿಕೋ, ಫೋಟೊಕ್ಕೆ ನಿಲ್ಲು.

ಬಾ ಅಂದರೆ ಸುಮ್ನೆ ಹೋಗುವಂತಿಲ್ಲ. ಅಂಕಪಟ್ಟಿಯ ಝೆರಾಕ್ಸ್, ಆಧಾರ್, ಎರಡು ಫೋಟೊ, ಜಾತಿ ಪ್ರಮಾಣಪತ್ರ ಬೇಕು. ಹೊಳೆದದ್ದು ಯಾವ ಜಾತಿಯಲ್ಲಿ ಅಂತ ತಹಶೀಲ್ದಾರರ ಸಹಿ ಇರಬೇಕು, ಅಲ್ವಾ? ಜೊತೆಗೆ ಎಸ್ಸೆಸ್ಸೆಲ್ಸಿಯಲ್ಲಿ ಶೇಕಡಾ 85.

ನಮ್ಮ ಅಣ್ಣನ ಮಗಳಿಗೆ ಬಂದದ್ದು 625ಕ್ಕೆ 531. ಕ್ಯಾಲ್ಕುಲೇಟರ್ ಒತ್ತಿ ನೋಡಿದೆ. ಶೇಕಡಾ 85 ಆಗಲು 531.25 ಬೇಕು. ಸಂಘದವರ ಹತ್ತಿರ ಹೋದೆ.

“ಕಾಲು ಮಾರ್ಕ್ ಐತ್ರಿ ಸರ. ರೌಂಡ್ ಮಾಡ್ರಲಾ?”

“ಕಿರಾಣಿ ಬಿಲ್ ಆಗಿದ್ರ ಮಾಡಬಹುದಿತ್ರಿ. ಪ್ರತಿಭಾನ ಹೆಂಗ ರೌಂಡ್ ಮಾಡೂದು?”

ಮಾತು ಖರೆ. 532 ಬಂದವರಿಗೆ ಪ್ರತಿಭೆ ಇದೆ, 531 ಬಂದವರಿಗೆ ಇಲ್ಲ. ಇಷ್ಟು ನಿಖರವಾಗಿ ಕಾಶ್ಮೀರದ ಭಟ್ಟತೌತನೂ ಹೇಳಿರಲಿಲ್ಲ. ಸಾವಿರ ವರ್ಷದ ಹಿಂದಿನ ಆ ಪಂಡಿತ, ಅಭಿನವಗುಪ್ತನ ಗುರು, ಹೊಸ ಹೊಸದಾಗಿ ಅರಳುವ ಬುದ್ಧಿಯೇ ಪ್ರತಿಭೆ ಅಂದುಬಿಟ್ಟ. ಪಾಪ, ಅವನು ಪೇಪರ್ ತಿದ್ದಿದವನಲ್ಲ. ಕೀ ಆನ್ಸರ್ ಬಿಟ್ಟು ಹೊಸದಾಗಿ ಅರಳಿದರೆ ನಮ್ಮಲ್ಲಿ ಸೊನ್ನೆ. ರಾಜಶೇಖರ ಎಂಬ ಇನ್ನೊಬ್ಬ ಪ್ರತಿಭೆಯಲ್ಲಿ ಎರಡು ಬಗೆ ಅಂದ. ಬರೆಯುವವರದು ಕಾರಯಿತ್ರಿ, ಓದಿ ಸವಿಯುವವರದು ಭಾವಯಿತ್ರಿ. ಮೂರನೆಯದನ್ನು ನಮ್ಮ ಸಂಘ ಕಂಡುಹಿಡಿದಿದೆ: ಅಂಕಯಿತ್ರಿ.

ಇದೆಲ್ಲ ನಡೆದಿರುವುದು ಕೊಪ್ಪಳದಲ್ಲಿ ಅನ್ನೋದೇ ಮಜಾ. 9ನೇ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳು ಎಲ್ಲಿದೆ ಅಂತ ಹೇಳುವಾಗ ನಾಲ್ಕು ಊರಿನ ಹೆಸರು ತೆಗೆದುಕೊಳ್ಳುತ್ತದೆ. ಕಿಸುವೊಳಲು, ಪುಲಿಗೆರೆ, ಒಂಕುಂದ, ಜೊತೆಗೆ ಮಹಾ ಕೊಪಣನಗರ. ಅಂದರೆ ನಾವೇ! ಅದೇ ಪುಸ್ತಕ ಈ ನಾಡಿನ ಜನರನ್ನು ‘ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್’ ಅಂತ ಹೊಗಳಿತು. ಕೂತು ಓದದೆಯೂ ಕಾವ್ಯ ಬಲ್ಲವರಂತೆ. ಓದದೆಯೂ! ಅಂಕಪಟ್ಟಿ ಎಲ್ಲಿಂದ ತರೋಣ?

ನಮ್ಮದೇ ಜಿಲ್ಲೆಯ ಇಟಗಿಯ ಮಹಾದೇವ ಗುಡಿ 1112ರದು. ಶಾಸನವೇ ಅದನ್ನು ದೇವಾಲಯಗಳ ಚಕ್ರವರ್ತಿ ಅನ್ನುತ್ತದೆ. ಕೆತ್ತಿದವರಿಗೆ ಗಣಿತದಲ್ಲಿ ಎಷ್ಟು ಬಂದಿತ್ತೋ. ಕಿನ್ನಾಳದ ಚಿತ್ರಗಾರರು ಕಟ್ಟಿಗೆಯಲ್ಲಿ ಗಿಳಿ ಕೂಡಿಸುತ್ತಾರೆ, ಹಾರೀತು ಅನ್ನಿಸುತ್ತದೆ. ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆ ಆಡಿಸಿದ್ದಕ್ಕೆ 2025ರಲ್ಲಿ ಪದ್ಮಶ್ರೀ ಬಂತು. ದಿಲ್ಲಿಯವರು ಪರ್ಸೆಂಟೇಜ್ ಕೇಳುವುದನ್ನು ಮರೆತಿರಬೇಕು.

ಕಾರ್ಯಕ್ರಮದ ಹಿಂದಿನ ರಾತ್ರಿ ಸಂಘದವರದೇ ಫೋನ್ ಬಂತು.

“ಸರ, ಸ್ವಾಗತ ಗೀತೆಗೆ ಯಾರೂ ಸಿಗವಲ್ರು. ಪ್ರತಿಭಾವಂತ ಮಕ್ಕಳನ್ನ ಕೇಳಿದ್ವಿ, ಹಾಡಾಕ ಬರಂಗಿಲ್ಲ ಅಂದ್ರು. ನಿಮ್ಮ ಹುಡುಗಿ ಚೊಲೊ ಹಾಡ್ತಾಳಂತಲ್ರಿ?”

ಫೋನ್ ಸ್ಪೀಕರಿನಲ್ಲಿತ್ತು. ಆಕೆ ತಟ್ಟೆಯಿಂದ ತಲೆ ಎತ್ತಲಿಲ್ಲ.

“ಕಾಕಾ, ಅದಕ್ಕ ಎಷ್ಟು ಪರ್ಸೆಂಟ್ ಬೇಕಂತ, ಕೇಳು.”